ಎಪ್ಪತ್ತೈದು ರೂಪಾಯಿಯ ವ್ರತ: ಪುಣೆಯ ಒಂದು ಖಾಸಗಿ ಶಾಲೆಯ ಮೊದಲ ದಶಕ

ಪುಣೆಯಲ್ಲಿ ನೆಲೆಸಿರುವ ಕನ್ನಡಿಗರಿಗೆ ತಿಲಕ ರಸ್ತೆ, ಆಗರಕರ ರಸ್ತೆ, ಫರ್ಗ್ಯುಸನ್ ಕಾಲೇಜು ರಸ್ತೆ ಎಂಬ ಹೆಸರುಗಳು ದಿನನಿತ್ಯದ ವಿಳಾಸಗಳು. ಫರ್ಗ್ಯುಸನ್ ಕಾಲೇಜು ರಸ್ತೆಗೆ ಗೋಪಾಲಕೃಷ್ಣ ಗೋಖಲೆಯವರ ಹೆಸರಿದೆ ಎಂಬುದು ಫಲಕಗಳನ್ನು ಓದುವ ಅಭ್ಯಾಸವಿದ್ದವರಿಗಷ್ಟೇ ಗೊತ್ತು. ರಿಕ್ಷಾದವನಿಗೆ ಈ ಹೆಸರುಗಳನ್ನು ಹೇಳುವಾಗ ನಮಗೆ ಸಾಮಾನ್ಯವಾಗಿ ನೆನಪಾಗದ ಒಂದು ಸಂಗತಿಯಿದೆ. ಬಾಲ ಗಂಗಾಧರ ತಿಲಕ, ಗೋಪಾಲ ಗಣೇಶ ಆಗರಕರ, ಗೋಖಲೆ, ಈ ಮೂವರೂ ಒಂದು ಕಾಲಕ್ಕೆ ಒಂದೇ ಸಂಸ್ಥೆಯ ಶಿಕ್ಷಕರಾಗಿದ್ದರು. ಒಂದೇ ಕಟ್ಟಡದಲ್ಲಿ ಪಾಠ ಹೇಳುತ್ತಿದ್ದರು, ಒಂದೇ ನಿಯಮದ ಸಂಬಳ ಪಡೆಯುತ್ತಿದ್ದರು. ಕೊನೆಗೆ ಒಂದೇ ಸಭೆಯಲ್ಲಿ ಎದುರುಬದುರು ಕುಳಿತು ಮನಸ್ಸು ಮುರಿದುಕೊಂಡರು.

ತಿಲಕರು ಮತ್ತು ಆಗರಕರರ ಒಡಕನ್ನು ನಾವು ಓದಿರುವುದು ಬೇರೆ ರೀತಿಯಲ್ಲಿ. ಮೊದಲು ರಾಜಕೀಯ ಸ್ವಾತಂತ್ರ್ಯವೋ ಸಮಾಜ ಸುಧಾರಣೆಯೋ ಎಂಬ ದೊಡ್ಡ ಪ್ರಶ್ನೆಯ ಮೇಲೆ ಇಬ್ಬರು ಗೆಳೆಯರು ಬೇರೆಯಾದರು ಎಂದು ಇತಿಹಾಸದ ಪುಸ್ತಕಗಳು ಹೇಳುತ್ತವೆ. ಅದು ಸುಳ್ಳಲ್ಲ, ಆದರೆ ಅರ್ಧ ಮಾತ್ರ. ಉಳಿದರ್ಧ ನಡೆದದ್ದು ಶಾಲೆಯೊಂದರ ಶಿಕ್ಷಕರ ಕೊಠಡಿಯಲ್ಲಿ. ಸಂಬಳ ಎಷ್ಟಿರಬೇಕು, ಶಾಲೆಯ ಹೊತ್ತು ಮುಗಿದ ಮೇಲೆ ಶಿಕ್ಷಕನ ಸಮಯ ಯಾರದು, ಮೇಲ್ವಿಚಾರಣೆ ಯಾರ ಕೈಯಲ್ಲಿರಬೇಕು, ಬಹುಮತದ ತೀರ್ಮಾನ ಒಪ್ಪದವನು ಏನು ಮಾಡಬೇಕು ಎಂಬ, ಯಾವ ಖಾಸಗಿ ಶಾಲೆಯಲ್ಲಾದರೂ ಏಳಬಹುದಾದ ಪ್ರಶ್ನೆಗಳ ಮೇಲೆ ಆ ಜಗಳ ನಡೆಯಿತು. ಈ ಅರ್ಧದ ಕಥೆಯೇ ನನಗೆ ಇತ್ತೀಚೆಗೆ ಹೆಚ್ಚು ಮುಖ್ಯವೆನಿಸತೊಡಗಿದೆ.

ಅದಕ್ಕೊಂದು ಕಾರಣವಿದೆ. ನನ್ನ ಮಗಳು ಓದುವ ಖಾಸಗಿ ಶಾಲೆಯಲ್ಲಿ ಒಂದು ವರ್ಷ ಅರ್ಧ ಅವಧಿಯೊಳಗೆ ಮೂವರು ಶಿಕ್ಷಕಿಯರು ಬಿಟ್ಟು ಹೋದರು. ಪಾಲಕರ ಸಭೆಯಲ್ಲಿ ಒಬ್ಬರು ಕಾರಣ ಕೇಳಿದರು. ಖಾಲಿಯಾದ ಜಾಗಗಳನ್ನು ತುಂಬಲಾಗಿದೆ ಎಂಬ ಉತ್ತರ ಬಂತು. ಅದು ಕೇಳಿದ ಪ್ರಶ್ನೆಗೆ ಉತ್ತರವಾಗಿರಲಿಲ್ಲ. ನಮ್ಮ ಕೈಯಲ್ಲಿದ್ದ ಹೊಳಪಿನ ಕಿರುಹೊತ್ತಗೆಯಲ್ಲಿ ಶಾಲೆಯು ತನ್ನನ್ನು 'ಲರ್ನಿಂಗ್ ಆರ್ಗನೈಸೇಷನ್' ಎಂದು ಕರೆದುಕೊಂಡಿತ್ತು. ಕಲಿಯುವ ಸಂಸ್ಥೆ. ಈ ಮಾತು ಆಡಳಿತ ಶಾಸ್ತ್ರದಿಂದ ಬಂದದ್ದು. 1990ರಲ್ಲಿ ಪ್ರಕಟವಾದ ಪೀಟರ್ ಸೆಂಗೆ ಅವರ 'ದಿ ಫಿಫ್ತ್ ಡಿಸಿಪ್ಲಿನ್' ಪುಸ್ತಕದಿಂದ ಜಗತ್ತಿನಾದ್ಯಂತ ಹರಡಿತು. ಸಂಸ್ಥೆಯೊಂದರಲ್ಲಿ ದುಡಿಯುವವರು ಒಟ್ಟಾಗಿ ಕಲಿಯಬೇಕು, ತಮ್ಮ ತಪ್ಪುಗಳನ್ನು ತಮ್ಮತಮ್ಮಲ್ಲಿ ಬಾಯಿಬಿಟ್ಟು ಹೇಳಿಕೊಳ್ಳಬೇಕು, ಆಗಷ್ಟೇ ಆ ಸಂಸ್ಥೆ ಬೆಳೆಯುತ್ತದೆ ಎಂಬುದು ಅದರ ಸರಳ ತಾತ್ಪರ್ಯ. ಆ ಪುಸ್ತಕ ಬರುವುದಕ್ಕೆ ಸರಿಯಾಗಿ 100 ವರ್ಷ ಮೊದಲು, 1890ರಲ್ಲಿ, ಪುಣೆಯ ಒಬ್ಬ ಗಣಿತದ ಮೇಷ್ಟ್ರು ತಾನು ಕಟ್ಟಿದ ಸಂಸ್ಥೆಗೆ ದೀರ್ಘವಾದ ರಾಜೀನಾಮೆ ಪತ್ರವನ್ನು ಬರೆದು ಹೊರನಡೆದಿದ್ದರು. ಆ ಹತ್ತು ವರ್ಷಗಳ ಕಥೆಯಲ್ಲಿ ಈ ಮಾತಿನ ನಿಜವಾದ ಬೆಲೆ ಗೊತ್ತಾಗುತ್ತದೆ.

ಶಾಲೆಯ ಹೆಸರು ನ್ಯೂ ಇಂಗ್ಲಿಷ್ ಸ್ಕೂಲ್. ಶುರುವಾದದ್ದು 1880ರ ಜನವರಿಯಲ್ಲಿ. ಅದರ ಹಿಂದಿದ್ದ ಮುಖ್ಯ ಚೇತನ ವಿಷ್ಣುಶಾಸ್ತ್ರಿ ಚಿಪಳೂಣಕರರು. 'ನಿಬಂಧಮಾಲಾ' ಎಂಬ ಪತ್ರಿಕೆಯಿಂದ ಮರಾಠಿ ಗದ್ಯಕ್ಕೆ ಹೊಸ ಕಸುವು ತಂದಿದ್ದ ಅವರು ಸರ್ಕಾರಿ ಶಾಲೆಯ ಶಿಕ್ಷಕರಾಗಿದ್ದರು. ರತ್ನಾಗಿರಿಗೆ ವರ್ಗವಾಗಿ ಹೋಗಿದ್ದವರು 1879ರಲ್ಲಿ ಕೆಲಸಕ್ಕೆ ರಾಜೀನಾಮೆ ಕೊಟ್ಟು ಪುಣೆಗೆ ಮರಳಿದರು. ಡೆಕ್ಕನ್ ಕಾಲೇಜಿನಲ್ಲಿ ಓದುವಾಗಲೇ ರಾಷ್ಟ್ರೀಯ ಶಿಕ್ಷಣದ ಕನಸು ಕಟ್ಟಿಕೊಂಡಿದ್ದ ತಿಲಕ ಮತ್ತು ಆಗರಕರ ಎಂಬ ಇಬ್ಬರು ತರುಣರು ಅವರನ್ನು ಕಂಡರು. ಆಗರಕರರ ಎಂ.ಎ. ಮುಗಿಯಬೇಕಿತ್ತು, ಹೀಗಾಗಿ ಮೊದಲಿಗೆ ಚಿಪಳೂಣಕರ, ತಿಲಕ ಮತ್ತು ಮಹಾದೇವ ಬಲ್ಲಾಳ ನಾಮಜೋಶಿ ಸೇರಿ ಶಾಲೆ ತೆರೆದರು. ಅದೇ ವರ್ಷ ಸಂಸ್ಕೃತ ವಿದ್ವಾಂಸ ವಾಮನ ಶಿವರಾಮ ಆಪಟೆ ಬಂದು ಸೇರಿಕೊಂಡರು, ಮರುವರ್ಷ ಆಗರಕರರು ಬಂದರು. ಚಿಪಳೂಣಕರರಿಗೆ ಆಗ 30ರ ಆಸುಪಾಸು. ತಿಲಕ, ಆಗರಕರ, ಆಪಟೆ ಇನ್ನೂ ಇಪ್ಪತ್ತರ ಹರೆಯದವರು.

ಖಾಸಗಿ ಶಾಲೆ ಎಂಬ ಮಾತಿಗೆ ಅಂದು ಇಂದಿನ ಅರ್ಥವಿರಲಿಲ್ಲ. 1854ರ ವುಡ್ಸ್ ಡೆಸ್ಪ್ಯಾಚ್ ಖಾಸಗಿ ಶಾಲೆಗಳಿಗೆ ಸಹಾಯಧನ ಕೊಡುವ ಪದ್ಧತಿಗೆ ದಾರಿ ತೆರೆದಿತ್ತು. ಆದರೆ ಇಂಗ್ಲಿಷ್ ಶಿಕ್ಷಣದ ಹೆಸರುವಾಸಿ ಶಾಲೆಗಳೆಂದರೆ ಸರ್ಕಾರದ್ದು, ಇಲ್ಲವೇ ಮಿಶನರಿಗಳದ್ದು. ದೇಶೀಯ ಪದವೀಧರರು ಸರ್ಕಾರಿ ನೌಕರಿಯ ಆಸೆ ಬಿಟ್ಟು, ತಾವೇ ಬಾಡಿಗೆ ಜಾಗ ಹಿಡಿದು, ಕಡಿಮೆ ಶುಲ್ಕದಲ್ಲಿ ಇಂಗ್ಲಿಷ್ ಶಾಲೆ ನಡೆಸುವುದು ಸಾಹಸವೇ ಆಗಿತ್ತು. ಕಾನೂನು ಪದವಿ ಪಡೆದ ತಿಲಕರು ವಕೀಲಿಗೆ ಹೋಗಬಹುದಿತ್ತು. ಆಗರಕರರು ತಮ್ಮ ತಾಯಿಗೆ, ಮಗ ದೊಡ್ಡ ಪದವಿ ಪಡೆದನೆಂದು ದೊಡ್ಡ ಸಂಬಳದ ಆಸೆ ಇಟ್ಟುಕೊಳ್ಳಬೇಡ ಎಂಬ ಅರ್ಥದ ಪತ್ರ ಬರೆದ ಸಂಗತಿ ಮಹಾರಾಷ್ಟ್ರದಲ್ಲಿ ಮನೆಮಾತು. ಮೊದಲ ವರ್ಷ ಚಿಪಳೂಣಕರರೂ ತಿಲಕರೂ ಸಂಬಳ ತೆಗೆದುಕೊಳ್ಳದೆ ದುಡಿದರು.

ಶಾಲೆ ಬೇಗ ಬೆಳೆಯಿತು. ಅದಕ್ಕೆ ಬರೀ ತ್ಯಾಗ ಕಾರಣವಲ್ಲ. ಆರಂಭದ ವರ್ಷಗಳಲ್ಲಿ ಅಲ್ಲಿದ್ದ ಮುಂದಾಳತ್ವ ಒಬ್ಬನ ಕೈಯಲ್ಲಿರಲಿಲ್ಲ. ಚಿಪಳೂಣಕರರು ಎಲ್ಲರ ಗೌರವಕ್ಕೆ ಪಾತ್ರರಾದ ಹಿರಿಯರು. ದಿನದ ಆಡಳಿತ ಅವರಿಗೆ ಒಗ್ಗುವ ಕೆಲಸವಾಗಿರಲಿಲ್ಲ. ಅದನ್ನು ಆಪಟೆ ವಹಿಸಿಕೊಂಡರು. ವೇಳಾಪಟ್ಟಿ, ಶಿಸ್ತು, ಪರೀಕ್ಷೆಯ ಸಿದ್ಧತೆಗಳಲ್ಲಿ ಆಪಟೆಯವರದು ಪಳಗಿದ ಕೈ. ನಾಮಜೋಶಿ ಊರಿನ ದೊಡ್ಡವರನ್ನೂ ಸಂಸ್ಥಾನಿಕರನ್ನೂ ಕಂಡು ಹಣ ತರಬಲ್ಲವರು. ತಿಲಕರು ಗಣಿತವನ್ನು ಕಪ್ಪುಹಲಗೆಯ ಮೇಲೆ ಹೆಜ್ಜೆಹೆಜ್ಜೆಯಾಗಿ ಬರೆಯದೆ ಬಾಯಲ್ಲೇ ಬಿಡಿಸುತ್ತ ಹುಡುಗರನ್ನು ಯೋಚನೆಗೆ ಹಚ್ಚುತ್ತಿದ್ದರೆಂದು ಅವರ ಜೀವನಚರಿತ್ರೆಗಳು ಹೇಳುತ್ತವೆ. ಒಬ್ಬನಿಗಿಲ್ಲದ ಗುಣ ಇನ್ನೊಬ್ಬನಲ್ಲಿತ್ತು. ಅದನ್ನು ಒಪ್ಪಿಕೊಳ್ಳುವ ವಿನಯ ಎಲ್ಲರಲ್ಲೂ ಇತ್ತು.

ಇನ್ನೊಂದು ಕಾರಣ, ಆ ಶಿಕ್ಷಕರು ತರಗತಿಯ ಹೊರಗೂ ಕಲಿಯುತ್ತಿದ್ದರು. ಶಾಲೆ ತೆರೆದ ಒಂದೇ ವರ್ಷಕ್ಕೆ, 1881ರ ಜನವರಿಯಲ್ಲಿ, ಅದೇ ಬಳಗ ಮರಾಠಿಯಲ್ಲಿ 'ಕೇಸರಿ', ಇಂಗ್ಲಿಷಿನಲ್ಲಿ 'ಮರಾಠಾ' ಪತ್ರಿಕೆಗಳನ್ನು ಹೊರಡಿಸಿತು. ಕೊಲ್ಹಾಪುರದ ದಿವಾನರ ವಿರುದ್ಧ ಬರೆದ ಲೇಖನಗಳಿಗಾಗಿ 1882ರಲ್ಲಿ ತಿಲಕರೂ ಆಗರಕರರೂ ಮುಂಬಯಿಯ ಡೋಂಗ್ರಿ ಜೈಲಿನಲ್ಲಿ 101 ದಿನ ಕಳೆದರು. ಒಂದೇ ಜೈಲಿನಲ್ಲಿ ಇಬ್ಬರು ಶಿಕ್ಷಕರು ತಮ್ಮ ಶಾಲೆಯ, ತಮ್ಮ ದೇಶದ ಭವಿಷ್ಯವನ್ನು ಚರ್ಚಿಸುತ್ತ ಕಳೆದ ಆ ದಿನಗಳ ಬಗ್ಗೆ ಆಗರಕರರು ಮುಂದೆ ಪುಸ್ತಕವನ್ನೇ ಬರೆದರು. ಷೇಕ್ಸ್‌ಪಿಯರನ 'ಹ್ಯಾಮ್ಲೆಟ್' ನಾಟಕದ ಅವರ ಮರಾಠಿ ರೂಪಾಂತರ 'ವಿಕಾರವಿಲಸಿತ' ಹೊರಬಂದದ್ದೂ ಆ ವರ್ಷಗಳಲ್ಲೇ. ಆಪಟೆಯವರು ಸಂಸ್ಕೃತ ರಚನೆಯನ್ನು ಕಲಿಸುವ ಕೈಪಿಡಿಯನ್ನೂ, ಇಂದಿಗೂ ನಮ್ಮ ಮೇಜಿನ ಮೇಲಿರುವ ಸಂಸ್ಕೃತ–ಇಂಗ್ಲಿಷ್ ನಿಘಂಟನ್ನೂ ರಚಿಸಿದ್ದು ಶಾಲೆ–ಕಾಲೇಜುಗಳ ಹೊಣೆ ಹೊತ್ತಿದ್ದಾಗಲೇ. ನಿಘಂಟು ಪ್ರಕಟವಾದದ್ದು 1890ರಲ್ಲಿ. ಪಾಠ ಹೇಳುವವನು ತಾನೇ ಓದುವ, ಬರೆಯುವ, ಅಪಾಯಕ್ಕೆ ಕೈಹಾಕುವ ಮನುಷ್ಯ ಎಂಬುದು ಹುಡುಗರಿಗೆ ಕಣ್ಣೆದುರೇ ಕಾಣುತ್ತಿತ್ತು. 1882ರ ಶಿಕ್ಷಣ ಆಯೋಗದ ಅಧ್ಯಕ್ಷ ಹಂಟರ್ ಸ್ವತಃ ಶಾಲೆಗೆ ಬಂದು ನೋಡಿ ಮೆಚ್ಚಿಕೊಂಡರು.

ಆದರೆ ಆ ವರ್ಷದ ಮಾರ್ಚ್ ತಿಂಗಳಲ್ಲೇ ಚಿಪಳೂಣಕರರು ತೀರಿಕೊಂಡಿದ್ದರು. ವಯಸ್ಸು ಇನ್ನೂ 31. ಎಲ್ಲರೂ ತಲೆಬಾಗುತ್ತಿದ್ದ ಒಬ್ಬ ಹಿರಿಯ ಇಲ್ಲವಾದದ್ದರ ಪರಿಣಾಮ ಆ ಕೂಡಲೇ ಕಾಣಲಿಲ್ಲ. ಉತ್ಸಾಹದ ದಿನಗಳಲ್ಲಿ ಯಜಮಾನನ ಕೊರತೆ ಯಾರಿಗೂ ತಿಳಿಯುವುದಿಲ್ಲ. ನಾವೆಲ್ಲ ಗೆಳೆಯರು, ನಮಗೆ ನಿಯಮವೇಕೆ ಎಂದುಕೊಳ್ಳುವ ಕಾಲವದು. ಮುಂದೆ ಭಿನ್ನಮತ ಬಂದಾಗ ಅದನ್ನು ಕೇಳಿ, ಎರಡೂ ಕಡೆಯವರ ಮಾನ ಉಳಿಯುವಂತೆ ತೀರ್ಮಾನ ಹೇಳಬಲ್ಲವರು ಆ ಬಳಗದಲ್ಲಿ ಯಾರೂ ಉಳಿದಿರಲಿಲ್ಲ.

1884ರ ಅಕ್ಟೋಬರ್ 24ರಂದು ಡೆಕ್ಕನ್ ಎಜುಕೇಶನ್ ಸೊಸೈಟಿ ಸ್ಥಾಪನೆಯಾಯಿತು. ಮರುವರ್ಷದ ಜನವರಿಯಲ್ಲಿ ಅದರ ಆಶ್ರಯದಲ್ಲಿ ಫರ್ಗ್ಯುಸನ್ ಕಾಲೇಜು ತೆರೆಯಿತು. 1,200 ರೂಪಾಯಿ ದೇಣಿಗೆ ಕೊಟ್ಟ ಮುಂಬಯಿ ಗವರ್ನರ್ ಸರ್ ಜೇಮ್ಸ್ ಫರ್ಗ್ಯುಸನ್ ಅವರ ಹೆಸರನ್ನು ಕಾಲೇಜಿಗೆ ಇಟ್ಟರು. ಆಪಟೆ ಮೊದಲ ಪ್ರಾಂಶುಪಾಲರಾದರು. ಸೊಸೈಟಿಯ ಬೆನ್ನೆಲುಬು 'ಆಜೀವ ಸದಸ್ಯ' ಪದ್ಧತಿ. ಶಾಲೆ ಮತ್ತು ಕಾಲೇಜಿನ ಒಳಾಡಳಿತವನ್ನು ನಡೆಸುವವರು ಹೊರಗಿನ ಧನಿಕರಲ್ಲ, ಪಾಠ ಹೇಳುವ ಶಿಕ್ಷಕರೇ. ಆಜೀವ ಸದಸ್ಯನಾದವನು 20 ವರ್ಷ ಸೇವೆ ಸಲ್ಲಿಸಬೇಕು. ಎಲ್ಲರಿಗೂ ಸಮಾನವಾದ ಅಲ್ಪ ವೇತನ. ಅದು ಮುಂದೆ ತಿಂಗಳಿಗೆ 75 ರೂಪಾಯಿ ಎಂದು ನೆಲೆಗೊಂಡಿತು. ಪ್ರಾಂಶುಪಾಲನಿಗೂ ಅಷ್ಟೇ, ಹೊಸದಾಗಿ ಬಂದ ಸದಸ್ಯನಿಗೂ ಅಷ್ಟೇ. ಶಿಕ್ಷಕರೇ ಒಡೆಯರಾದ ಖಾಸಗಿ ಶಾಲೆ! ಇಂದು ಹೀಗೊಂದು ವ್ಯವಸ್ಥೆಯನ್ನು ಊಹಿಸುವುದೂ ಕಷ್ಟ.

ಈ ವ್ಯವಸ್ಥೆಯ ಶಕ್ತಿ ಎಲ್ಲಿತ್ತೋ ಅದರ ದೌರ್ಬಲ್ಯವೂ ಅಲ್ಲೇ ಇತ್ತು. ಸಮಾನರ ಗುಂಪಿನಲ್ಲಿ ತೀರ್ಮಾನ ನಡೆಯುವುದು ಮತಗಳಿಂದ. ನೂರಾರು ಜನರಿರುವ ಸಭೆಯಲ್ಲಿ ಇವತ್ತು ಸೋತವನು ನಾಳೆ ಗೆಲ್ಲಬಹುದು. ಕೈಬೆರಳೆಣಿಕೆಯ ಜನರಿರುವಲ್ಲಿ ಹಾಗಾಗುವುದಿಲ್ಲ. ಸೋಲುವವರು ಪ್ರತಿಸಲವೂ ಅವರೇ ಆಗಿರುತ್ತಾರೆ. ಇದರ ಮೇಲೆ, ಇಡೀ ಸಂಸ್ಥೆ ನಿಂತಿದ್ದುದು ತ್ಯಾಗದ ಸಂಕಲ್ಪದ ಮೇಲೆ. ಹೀಗಾಗಿ ಪ್ರತಿಯೊಂದು ಆಡಳಿತದ ಪ್ರಶ್ನೆಯೂ ಶೀಲದ ಪ್ರಶ್ನೆಯಾಗಿ ಮಾರ್ಪಡುತ್ತಿತ್ತು. ಐದು ರೂಪಾಯಿ ಹೆಚ್ಚು ಬೇಕೆ ಎಂಬ ಮಾತು, ನಿನ್ನ ತ್ಯಾಗ ನಿಜವೇ ಎಂಬ ಮಾತಾಗುತ್ತಿತ್ತು.

ತಿಲಕರ ನಿಲುವು ಸ್ಪಷ್ಟವಿತ್ತು. ಜೆಸ್ಯೂಟ್ ಪಾದ್ರಿಗಳ ಹಾಗೆ ಶಿಕ್ಷಕನು ತನ್ನ ಸಮಯವನ್ನೂ ಶಕ್ತಿಯನ್ನೂ ಸಂಪೂರ್ಣವಾಗಿ ಸಂಸ್ಥೆಗೆ ಒಪ್ಪಿಸಬೇಕು. ಸಂಬಳ ಹೊಟ್ಟೆಗೆ ಬಟ್ಟೆಗೆ ಸಾಕಾಗುವಷ್ಟೇ ಇರಬೇಕು. ಹೊರಗೆ ದುಡಿದು ಸ್ವಂತಕ್ಕೆ ಗಳಿಸಬಾರದು. ಆಗರಕರರ ಕಡೆಯವರಿಗೆ ಇದು ಆದರ್ಶವಾಗಿ ಸರಿಯೆನಿಸಿದರೂ ನಿಯಮವಾಗಿ ಸರಿಯೆನಿಸಲಿಲ್ಲ. ಅವರು ಸಂಸಾರಸ್ಥರು. ಆಗರಕರರಿಗೆ ಉಬ್ಬಸದ ಬೇನೆ. ಸಂಬಳವನ್ನು ಒಂದಿಷ್ಟು ಏರಿಸಿ, ಪುಸ್ತಕ ಬರೆದು ಬಂದ ಹಣ ಬರೆದವನಿಗೇ ಸೇರಲಿ, ಶಾಲೆಯ ಹೊತ್ತು ಮುಗಿದ ಮೇಲೆ ಶಿಕ್ಷಕ ಏನು ಮಾಡುತ್ತಾನೆಂಬುದು ಅವನಿಗೆ ಬಿಟ್ಟ ವಿಷಯ ಎಂಬುದು ಅವರ ವಾದದ ಸಾರ. ಎರಡೂ ವಾದಗಳನ್ನು ಇಂದು ಓದುವಾಗ ಯಾವುದನ್ನೂ ಸುಲಭವಾಗಿ ತಳ್ಳಿಹಾಕಲಾಗುವುದಿಲ್ಲ. ಶಿಕ್ಷಕನ ಮನಸ್ಸು ಹತ್ತು ಕಡೆ ಹಂಚಿಹೋದರೆ ತರಗತಿ ಸೊರಗುತ್ತದೆ ಎಂಬ ತಿಲಕರ ಭಯ ಸುಳ್ಳಲ್ಲ. ಮನೆಯ ಚಿಂತೆಯಲ್ಲಿ ಬೇಯುತ್ತಿರುವ ಶಿಕ್ಷಕನ ಮನಸ್ಸು ತರಗತಿಯಲ್ಲಿ ಇರಲಾರದು ಎಂಬುದೂ ಸುಳ್ಳಲ್ಲ.

ಇದರ ಜೊತೆಗೆ ಸಮಾಜ ಸುಧಾರಣೆಯ ವಾದ ಸೇರಿಕೊಂಡಿತು. 1887ರಲ್ಲಿ ಆಗರಕರರು 'ಕೇಸರಿ'ಯ ಸಂಪಾದಕತ್ವ ಬಿಟ್ಟರು. ಮರುವರ್ಷ 'ಸುಧಾರಕ' ಪತ್ರಿಕೆ ಆರಂಭಿಸಿದರು. ಅದರ ಇಂಗ್ಲಿಷ್ ಭಾಗಕ್ಕೆ ಜೊತೆಯಾದವರು ಗೋಖಲೆ. 1885ರಲ್ಲಿ ತಮ್ಮ 19ನೆಯ ವಯಸ್ಸಿನ ಹೊತ್ತಿಗೆ ಶಾಲೆಗೆ ಸಹಾಯಕ ಶಿಕ್ಷಕರಾಗಿ ಬಂದು, ಮುಂದಿನ ವರ್ಷ ಆಜೀವ ಸದಸ್ಯರಾದ ಗೋಖಲೆ ಇಂಗ್ಲಿಷ್, ಗಣಿತ, ಇತಿಹಾಸ, ಅರ್ಥಶಾಸ್ತ್ರ ಹೀಗೆ ಯಾವುದು ಬೇಕೆಂದರೂ ತಯಾರಾಗಿ ಬಂದು ಪಾಠ ಹೇಳುತ್ತಿದ್ದರು. ಹೇಳಿದ ವಿಷಯಕ್ಕೆ ತಯಾರಾಗುವ ಪ್ರೊಫೆಸರ್ ಎಂದು ಅವರನ್ನು ತಮಾಷೆ ಮಾಡುತ್ತಿದ್ದರಂತೆ. ಅವರು ಬರೆದ ಅಂಕಗಣಿತದ ಪುಸ್ತಕ ಬಹುಕಾಲ ಶಾಲೆಗಳಲ್ಲಿ ನಡೆಯಿತು. ಕಲಿಸುತ್ತ ಕಲಿಯುವುದು ಎಂದರೇನೆಂಬುದಕ್ಕೆ ಗೋಖಲೆಯವರಿಗಿಂತ ಒಳ್ಳೆಯ ಉದಾಹರಣೆ ಆ ಸಂಸ್ಥೆಯಲ್ಲಿ ಬೇರೆ ಇರಲಿಲ್ಲ. ಕೊನೆಯ ಜಗಳಕ್ಕೆ ನಿಮಿತ್ತವಾದವರೂ ಅವರೇ.

1890ರಲ್ಲಿ ಗೋಖಲೆ ಪುಣೆಯ ಸಾರ್ವಜನಿಕ ಸಭೆಯ ಕಾರ್ಯದರ್ಶಿಯಾದರು. ಈ ಕೆಲಸಕ್ಕೆ ದಿನಕ್ಕೆ ಎರಡು ಗಂಟೆಯಾದರೂ ಬೇಕು. ಆಜೀವ ಸದಸ್ಯನು ಅದನ್ನು ಎಲ್ಲಿಂದ ತರುತ್ತಾನೆ ಎಂಬುದು ತಿಲಕರ ಆಕ್ಷೇಪ. ಪತ್ರಿಕೆಯ ಕೆಲಸದಲ್ಲಿ ತಿಲಕರೂ ಮುಳುಗಿದ್ದರಲ್ಲವೇ ಎಂದು ನಾವು ಇಂದು ಕೇಳಬಹುದು. ಅಂಥ ಮಾತುಗಳು ಎದುರುಬದುರಾಗಿ ಬಂದಾಗ ಕೇಳುವ ಕಿವಿ ಇರುವುದಿಲ್ಲ. ಅಕ್ಟೋಬರ್ 14ರಂದು ತಿಲಕರು ರಾಜೀನಾಮೆ ಕೊಟ್ಟರು. ಡಿಸೆಂಬರ್ ತಿಂಗಳಲ್ಲಿ ವಿವರವಾದ ಪತ್ರದಲ್ಲಿ ಹಳೆಯ ಒಪ್ಪಂದಗಳು, ಅವುಗಳಿಂದ ಸಂಸ್ಥೆ ಹೇಗೆ ಸರಿಯುತ್ತ ಬಂತು, ತಾವು ಪ್ರತಿಸಲ ಏನು ಹೇಳಿದರು ಎಂಬುದನ್ನೆಲ್ಲ ಲೆಕ್ಕ ಒಪ್ಪಿಸುವವರಂತೆ ಬರೆದರು. ಬದುಕಿನ ಆದರ್ಶವನ್ನೇ ಬಿಟ್ಟುಹೋಗುತ್ತಿರುವವನ ನೋವು ಅದರಲ್ಲಿದೆ. ಹತ್ತು ವರ್ಷ ಮಾತಾಡಬೇಕಾಗಿದ್ದನ್ನು ಕೊನೆಗೊಮ್ಮೆ ಕಾಗದದ ಮೇಲೆ ಇಳಿಸಿದಂತೆಯೂ ಅದು ಓದಿಸಿಕೊಳ್ಳುತ್ತದೆ. ಅದನ್ನು ಬರೆದಾಗ ತಿಲಕರಿಗೆ 34 ವರ್ಷ.

ಪತ್ರವೇನೋ ಬಂತು. ಸಂಸ್ಥೆ ಅದರಿಂದ ಏನು ಕಲಿಯಿತು? ಇದಕ್ಕೆ ಉತ್ತರ ಒಂದು ನೇಮಕಾತಿಯಲ್ಲಿದೆ. ತಿಲಕರು ಹೋದ ಮೇಲೆ ಗಣಿತ ಪಾಠಕ್ಕೆ ಜನ ಬೇಕಾಯಿತು. ಗೋಖಲೆ ತಮ್ಮ ಹಳೆಯ ಪರಿಚಯದ ಧೋಂಡೊ ಕೇಶವ ಕರ್ವೆಯವರನ್ನು ಕರೆದರು. 1891ರಲ್ಲಿ ಕಾಲೇಜಿಗೆ ಬಂದ ಕರ್ವೆ ಮರುವರ್ಷ ಆಜೀವ ಸದಸ್ಯರಾದರು. 1893ರಲ್ಲಿ ಅವರು ವಿಧವೆಯೊಬ್ಬರನ್ನು ಮದುವೆಯಾದರು. ಊರು ಬಹಿಷ್ಕಾರ ಹಾಕಿತು; ಸಂಸ್ಥೆ ಅವರನ್ನು ಕೈಬಿಡಲಿಲ್ಲ. 1896ರಲ್ಲಿ ಅವರು ಅನಾಥ ಬಾಲಿಕಾಶ್ರಮ ಕಟ್ಟತೊಡಗಿದರು. ಕಾಲೇಜಿನ ಪಾಠ ಮುಗಿಸಿ ಹಿಂಗಣೆಯ ಆಶ್ರಮಕ್ಕೆ ದಿನವೂ ನಡೆದುಹೋಗುತ್ತಿದ್ದ ಗಣಿತದ ಮೇಷ್ಟ್ರ ಚಿತ್ರ ಪುಣೆಯ ನೆನಪಿನಲ್ಲಿ ಈಗಲೂ ಇದೆ. 1916ರಲ್ಲಿ ಅವರು ಮಹಿಳಾ ವಿಶ್ವವಿದ್ಯಾಲಯವನ್ನು ಸ್ಥಾಪಿಸಿದರು. ತಿಲಕರ ನಿಯಮ ಗೆದ್ದಿದ್ದರೆ ಕರ್ವೆಯವರ ಈ ಹೊರಗಿನ ಕೆಲಸ ನಡೆಯುತ್ತಿತ್ತೇ? ಗೋಖಲೆ 1899ರಲ್ಲಿ ಮುಂಬಯಿ ಶಾಸನಸಭೆಗೆ ಹೋಗುತ್ತಿದ್ದರೇ? ಸಂದೇಹ. ಶಿಕ್ಷಕನ ಹೊರಗಿನ ಬದುಕು ಸಂಸ್ಥೆಯ ಶತ್ರುವಲ್ಲ ಎಂಬುದನ್ನು ಡೆಕ್ಕನ್ ಎಜುಕೇಶನ್ ಸೊಸೈಟಿ ತನ್ನ ಅತ್ಯುತ್ತಮ ಶಿಕ್ಷಕರಲ್ಲೊಬ್ಬರನ್ನು ಕಳೆದುಕೊಂಡು ಕಲಿಯಿತು.

ತಿಲಕರ ಆದರ್ಶವೂ ಸೋತುಹೋಗಲಿಲ್ಲ. ಅದು ನಿಯಮವಾಗಿ ಹೇರಲ್ಪಡದಾಗ ಮಾದರಿಯಾಗಿ ಉಳಿಯಿತು. ಕೇಂಬ್ರಿಜ್‌ನ ಗಣಿತ ಪರೀಕ್ಷೆಯಲ್ಲಿ 1899ರಲ್ಲಿ ಸೀನಿಯರ್ ರ್‍ಯಾಂಗ್ಲರ್ ಆದ ರಘುನಾಥ ಪುರುಷೋತ್ತಮ ಪರಾಂಜಪೆಯವರು, ಬೇರೆಡೆ ಎಷ್ಟೋ ಪಟ್ಟು ಸಂಬಳ ಸಿಗಬಹುದಾಗಿದ್ದರೂ, ತಾವು ಓದಿದ ಕಾಲೇಜಿಗೇ ಅದೇ 75 ರೂಪಾಯಿಯ ವ್ರತಕ್ಕೆ ಮರಳಿ ಬಂದರು. 1902ರಲ್ಲಿ, ತಮ್ಮ 26ನೆಯ ವಯಸ್ಸಿನಲ್ಲಿ ಪ್ರಾಂಶುಪಾಲರಾದರು. ಗೋಖಲೆ 1905ರಲ್ಲಿ ಭಾರತ ಸೇವಕ ಸಮಾಜವನ್ನು ಕಟ್ಟುವಾಗ ಸದಸ್ಯರಿಂದ ಬೇಡಿದ್ದು ಅಲ್ಪ ಜೀವನಾಂಶದಲ್ಲಿ ಆಜೀವ ಸೇವೆಯನ್ನು. ತಿಲಕರೊಡನೆ ಜಗಳವಾಡಿದವರೇ ತಿಲಕರ ವಾದದ ಸತ್ವವನ್ನು ಕೊಂಡೊಯ್ದರು. ಕಲಿಕೆ ಹೀಗೂ ನಡೆಯುತ್ತದೆ, ತಡವಾಗಿ, ಎದುರಾಳಿಯ ಹೆಸರು ಹೇಳದೆ.

ಬೆಲೆ ತೆತ್ತವರೂ ಇದ್ದಾರೆ. ಆಪಟೆ 1892ರಲ್ಲಿ ತಮ್ಮ 34ನೆಯ ವಯಸ್ಸಿಗೇ ತೀರಿಕೊಂಡರು. ಅವರ ನಂತರ ಪ್ರಾಂಶುಪಾಲರಾದ ಆಗರಕರರು 1895ರಲ್ಲಿ, 40 ತುಂಬುವ ಮುನ್ನವೇ ಹೋದರು. ಅವರು ಹೋದಾಗ ತಮ್ಮ ಅಂತ್ಯಕ್ರಿಯೆಗೆಂದು ಎತ್ತಿಟ್ಟ ಹಣದ ಚಿಕ್ಕ ಗಂಟು ಸಿಕ್ಕಿತೆಂಬ ಪ್ರತೀತಿಯಿದೆ. ಸಂಬಳ ಏರಿಸಬೇಕೆಂದ ಮನುಷ್ಯ ಹಣದಾಸೆಯವನಾಗಿರಲಿಲ್ಲ ಎಂಬುದಕ್ಕೆ ಬೇರೆ ಸಾಕ್ಷಿ ಬೇಕಿಲ್ಲ. ಡೋಂಗ್ರಿಯಲ್ಲಿ 101 ದಿನ ಜೊತೆಗಿದ್ದ ಗೆಳೆಯರು ಕೊನೆಯವರೆಗೂ ಮೊದಲಿನಂತೆ ಆಗಲಿಲ್ಲ.

ಆ ಸಂಸ್ಥೆ ಕಲಿಯದೇ ಹೋದದ್ದನ್ನೂ ಹೇಳಬೇಕು. ಅಲ್ಲಿ ಜಗಳವಾಡಿದವರೆಲ್ಲ ಬಹುಮಟ್ಟಿಗೆ ಒಂದೇ ಸಮುದಾಯದ, ಒಂದೇ ಬಗೆಯ ಓದಿನ ಗಂಡಸರು. 1848ರಲ್ಲೇ ಅದೇ ಊರಿನಲ್ಲಿ ಹೆಣ್ಣುಮಕ್ಕಳ ಶಾಲೆ ತೆರೆದಿದ್ದ ಜ್ಯೋತಿಬಾ ಫುಲೆ, 1882ರಲ್ಲಿ ಅದೇ ಹಂಟರ್ ಆಯೋಗದ ಮುಂದೆ, ಉನ್ನತ ಶಿಕ್ಷಣಕ್ಕೆ ಹೋಗುವ ಹಣದ ಬದಲು ರೈತರ, ಶೂದ್ರರ ಮಕ್ಕಳ ಪ್ರಾಥಮಿಕ ಶಿಕ್ಷಣದ ಕಡೆಗೆ ಸರ್ಕಾರ ನೋಡಬೇಕೆಂದು ಮನವಿ ಸಲ್ಲಿಸಿದ್ದರು. ಒಂದೇ ಊರು, ಒಂದೇ ಆಯೋಗ. ನ್ಯೂ ಇಂಗ್ಲಿಷ್ ಸ್ಕೂಲಿನ ಮೇಜಿನ ಸುತ್ತ ಆ ಪ್ರಶ್ನೆ ಕೇಳುವವರಿಗೆ ಕುರ್ಚಿ ಇರಲಿಲ್ಲ. ತನ್ನೊಳಗಿನವರ ಮಾತನ್ನಷ್ಟೇ ಕೇಳುವ ಸಂಸ್ಥೆಯ ಕಲಿಕೆಗೆ ಒಂದು ಗಡಿ ಇದ್ದೇ ಇರುತ್ತದೆ.

ಆ ಗಡಿಯಾಚೆಗೆ ಈ ಮಾದರಿ ಹರಡಿದ್ದು ಕನ್ನಡನಾಡಿನಲ್ಲಿ. ಮುಂಬಯಿ ಪ್ರಾಂತಕ್ಕೆ ಸೇರಿದ್ದ ಧಾರವಾಡ, ಬೆಳಗಾವಿ, ವಿಜಾಪುರಗಳ ಹುಡುಗರಿಗೆ ಕಾಲೇಜು ಎಂದರೆ ಪುಣೆ. ಆಲೂರು ವೆಂಕಟರಾಯರು ಓದಿದ್ದು ಫರ್ಗ್ಯುಸನ್‌ನಲ್ಲಿ, ಬೇಂದ್ರೆಯವರು 1918ರಲ್ಲಿ ಬಿ.ಎ. ಮುಗಿಸಿದ್ದೂ ಅಲ್ಲೇ. ಜಮಖಂಡಿಯ ಗುರುದೇವ ರಾನಡೆ ಅಲ್ಲಿ ತತ್ವಶಾಸ್ತ್ರ ಕಲಿಸಿದರು. ಸೊಸೈಟಿ 1919ರಲ್ಲಿ ಸಾಂಗಲಿಯಲ್ಲಿ ತೆರೆದ ವಿಲಿಂಗ್ಡನ್ ಕಾಲೇಜಿನಲ್ಲಿ ರಂ.ಶ್ರೀ. ಮುಗಳಿಯವರು ದಶಕಗಳ ಕಾಲ ಕನ್ನಡ ಕಲಿಸಿದರು, ವಿ.ಕೃ. ಗೋಕಾಕರು ಪ್ರಾಂಶುಪಾಲರಾಗಿದ್ದರು. ಎಲ್ಲಕ್ಕಿಂತ ಮುಖ್ಯವಾದದ್ದು 1916ರ ನವೆಂಬರ್ 13ರಂದು ಬೆಳಗಾವಿಯಲ್ಲಿ ಆದದ್ದು. ಏಳು ಜನ ಶಿಕ್ಷಕರು ಸೇರಿ ಶಾಲೆಯೊಂದನ್ನು ತೆರೆದರು. ಇಂದು ಕೆ.ಎಲ್.ಇ. ಎಂದು ಎಲ್ಲರಿಗೂ ಗೊತ್ತಿರುವ ಸಂಸ್ಥೆಯ ಆರಂಭ ಅದು. ಆ ಏಳು ಜನರನ್ನು ಸಪ್ತರ್ಷಿಗಳೆಂದು ಕರೆಯುವುದು ವಾಡಿಕೆ. ಪುಣೆಯ ಆಜೀವ ಸದಸ್ಯರ ಮಾದರಿ ಅವರ ಕಣ್ಣೆದುರಿಗಿತ್ತು. ಪುಣೆಯ ಮೇಜಿನ ಸುತ್ತ ಕುರ್ಚಿ ಸಿಗದಿದ್ದ ಸಮುದಾಯವೊಂದು ಆ ಮೇಜಿನ ಅಳತೆ ತೆಗೆದುಕೊಂಡು ತನ್ನದೇ ಮೇಜನ್ನು ಮಾಡಿಕೊಂಡಿತು. ಆ ಏಳು ಜನರಲ್ಲಿ ಶಿ.ಶಿ. ಬಸವನಾಳರು ವಚನಗಳ ಸಂಪಾದನೆಗೆ ಕೈಹಾಕಿದರು, ಎಂ.ಆರ್. ಸಾಖರೆಯವರು ಲಿಂಗಾಯತ ಧರ್ಮದ ಇತಿಹಾಸ ಮತ್ತು ತತ್ವವನ್ನು ಇಂಗ್ಲಿಷಿನಲ್ಲಿ ಬರೆದರು. ಶಾಲೆ ನಡೆಸುತ್ತಲೇ ವಿದ್ವತ್ತಿನ ಕೆಲಸ. ಆಪಟೆಯವರ ಪರಂಪರೆಯೇ ಸರಿ.

ನಾನು ಕೇಂದ್ರ ಸರ್ಕಾರದ ನೌಕರ. ನಮ್ಮ ನಡತೆಗೆ 1964ರ ನಿಯಮಗಳಿವೆ. ಅವುಗಳ ಪ್ರಕಾರ ಹೊರಗಿನ ಉದ್ಯೋಗ ಮಾಡಬಾರದು; ಆದರೆ ಕರ್ತವ್ಯಕ್ಕೆ ಅಡ್ಡಿಯಾಗದಂತೆ ಆಗೊಮ್ಮೆ ಈಗೊಮ್ಮೆ ಸಾಹಿತ್ಯ, ಕಲೆ, ವಿಜ್ಞಾನದ ಕೆಲಸ ಮಾಡಲು ಮುಂಚಿತ ಅನುಮತಿ ಬೇಕಿಲ್ಲ. ಈ ಲೇಖನವನ್ನು ನಾನು ಬರೆಯುತ್ತಿರುವುದು ಆ ಒಂದು ಸಾಲಿನ ಆಸರೆಯಲ್ಲಿ. ನಿಯಮಪುಸ್ತಕವೆಂದರೆ ಮೂಗು ಮುರಿಯುವ ನನಗೆ 1890ರ ಕಥೆ ಓದಿದ ಮೇಲೆ ಆ ಸಾಲಿನ ಬಗ್ಗೆ ಗೌರವ ಬಂದಿದೆ. ತಿಲಕರೂ ಗೋಖಲೆಯವರೂ ದಿನದ ಎರಡು ಗಂಟೆಯ ಮೇಲೆ ಬೇರೆಯಾದರು. ಆ ಎರಡು ಗಂಟೆ ಯಾರದೆಂದು ಮೊದಲೇ, ಯಾರ ಮೇಲೂ ಸಿಟ್ಟಿಲ್ಲದ ದಿನ ಕುಳಿತು ಬರೆದಿಟ್ಟಿದ್ದರೆ, ಅದು ಯಾರ ಶೀಲದ ಪರೀಕ್ಷೆಯೂ ಆಗುತ್ತಿರಲಿಲ್ಲ.

ಇಂದಿನ ನಮ್ಮ ಖಾಸಗಿ ಶಾಲೆಗಳ ಸ್ಥಿತಿ ಇದಕ್ಕೆ ತಿರುವುಮುರುವು. ಅಲ್ಲಿ ಶಿಕ್ಷಕರೇ ಒಡೆಯರಾಗಿದ್ದರು, ಮಾತು ಹೆಚ್ಚಾಗಿ ಒಡೆಯಿತು. ಇಲ್ಲಿ ಒಡೆಯರು ಬೇರೆ, ಶಿಕ್ಷಕರು ಬೇರೆ. ಮಾತೇ ಇಲ್ಲದೆ ಒಡೆಯುತ್ತದೆ. ತಿಲಕರು ಹೋಗುವಾಗ ಕಾರಣಗಳನ್ನೆಲ್ಲ ಬರೆದು ಹೋದರು; ಅದನ್ನು ಓದುವವರಿದ್ದರು, ಉತ್ತರಿಸುವವರಿದ್ದರು, ಕಾಲಾಂತರದಲ್ಲಿ ಅದರಿಂದ ಪಾಠ ಕಲಿತವರಿದ್ದರು. ನನ್ನ ಮಗಳ ಶಿಕ್ಷಕಿಯರು ಒಂದೆರಡು ಸಾಲಿನ ಪತ್ರ ಬರೆದಿದ್ದಾರು. ಅದರಲ್ಲಿ ವೈಯಕ್ತಿಕ ಕಾರಣಗಳಿಂದ ಎಂದಿರಬಹುದು. ಆ ಪತ್ರಗಳಿಂದ ಯಾವ ಸಂಸ್ಥೆ ತಾನೇ ಏನನ್ನು ಕಲಿತೀತು?

ಮುಂದಿನ ತಿಂಗಳು ಪಾಲಕರ ಸಭೆಯಿದೆ. ಫಲಿತಾಂಶದ ಪಟ್ಟಿ ತೋರಿಸುತ್ತಾರೆ, ಹೊಸ ಕಂಪ್ಯೂಟರ್ ಕೊಠಡಿಯ ಬಗ್ಗೆ ಹೇಳುತ್ತಾರೆ. ಆಮೇಲೆ ಪ್ರಶ್ನೆಗಳಿದ್ದರೆ ಕೇಳಿ ಎನ್ನುತ್ತಾರೆ. ಹೋದ ಸಲ ಒಬ್ಬರು ಕೇಳಿದ ಪ್ರಶ್ನೆಯನ್ನೇ ಈ ಸಲ ನಾನು ಕೇಳಬೇಕೆಂದಿದ್ದೇನೆ. ಜೊತೆಗೆ ಇನ್ನೊಂದು: ಬಿಟ್ಟುಹೋಗುವ ಮುನ್ನ ಆ ಶಿಕ್ಷಕಿಯರ ಎದುರು ಕುಳಿತು, ಏಕೆ ಹೋಗುತ್ತಿದ್ದೀರಿ ಎಂದು ಯಾರಾದರೂ ಕೇಳಿದರೇ?